ತಂಗಳ ರೊಟ್ಟಿಯ ತೂಕ

ಉಳ್ಳಾಗಡ್ಡಿಗೆ ಲವಂಗ ಚುಚ್ಚುವುದನ್ನು ನಾನು ಮೊದಲ ಸಲ ನೋಡಿದ್ದು 2019ರ ಡಿಸೆಂಬರ್ 24ರ ಸಂಜೆ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಗಡಿಯಾರದಲ್ಲಿ ಇನ್ನೂ ನಾಲ್ಕೂವರೆ, ಹೊರಗೆ ಮಾತ್ರ ನಮ್ಮ ವಿಜಯಪುರದ ರಾತ್ರಿ ಎಂಟರ ಕತ್ತಲೆ. ಮಗಳ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ತಾಯಿ ಒಬ್ಬರೇ ಇದ್ದರು. ಮರುದಿನದ ಕ್ರಿಸ್‌ಮಸ್ ಊಟಕ್ಕೆ ನಮ್ಮನ್ನೆಲ್ಲ ಕರೆದಿದ್ದರು. ನಾನು ಮಾಂಸ ಮುಟ್ಟುವವಳಲ್ಲ ಎಂದು ಗೊತ್ತಾದಾಗಿನಿಂದ ಅವರಿಗೆ ಒಂದೇ ಚಿಂತೆ. ‘ನಿಮ್ಮ ಅಮ್ಮನ ತಾಟಿಗೆ ಏನು ಬಡಿಸಲಿ’ ಎಂದು ಎರಡು ವಾರದಿಂದ ಮಗಳನ್ನು ಕೇಳುತ್ತಲೇ ಇದ್ದರಂತೆ. ಕೊನೆಗೆ ತಾವೇ ದಾರಿ ಹುಡುಕಿದ್ದರು. ಬಟಾಟಿ, ಗಜ್ಜರಿ ಬೇರೆ ತಟ್ಟೆಯಲ್ಲಿ, ಬರೀ ಎಣ್ಣೆ ಸವರಿ ಓವನ್ನಿನಲ್ಲಿ ಬೇಯಿಸುವುದು. ಅದಕ್ಕೆ ಹಚ್ಚಿಕೊಳ್ಳಲು ಬ್ರೆಡ್ ಸಾಸ್. ‘ಹಾಲು, ಬ್ರೆಡ್ಡು, ಉಳ್ಳಾಗಡ್ಡಿ, ಬೆಣ್ಣೆ. ಇದರಲ್ಲಿ ನೀವು ತಿನ್ನದ್ದು ಏನಾದರೂ ಇದೆಯೇ, ಬಂದು ಕಣ್ಣಾರೆ ನೋಡಿ’ ಎಂದು ನನ್ನನ್ನು ಅಡುಗೆಮನೆಗೇ ಕರೆದರು.

ಆ ಊಟದ ಬಗ್ಗೆ ಒಂದು ಮಾತು ಹೇಳಬೇಕು. ಟರ್ಕಿ ಕೋಳಿಯನ್ನೋ ಸಾದಾ ಕೋಳಿಯನ್ನೋ ಇಡಿಯಾಗಿ ಓವನ್ನಿನಲ್ಲಿ ಸುಟ್ಟು, ಸುತ್ತ ಕಾಯಿಪಲ್ಲೆ ಜೋಡಿಸಿ, ಮನೆಮಂದಿಯೆಲ್ಲ ಒಂದೇ ಮೇಜಿಗೆ ಕೂಡುವ ಊಟ ಅದು. ಬ್ರೆಡ್ ಸಾಸ್ ಅದರ ಪಕ್ಕದಲ್ಲಿ ಬಟ್ಟಲಲ್ಲಿ ಬರುವ, ಬೆಳ್ಳಗಿನ, ಗಟ್ಟಿ ಅಂಬಲಿಯಂಥ ವ್ಯಂಜನ. ಮೈದಾ ಹಿಟ್ಟು ಹುರಿದು ಸಾಸ್ ಗಟ್ಟಿ ಮಾಡುವ ರೂಢಿ ಬರುವುದಕ್ಕೆ ಎಷ್ಟೋ ಮೊದಲು, ನಡುಗಾಲದ ಯುರೋಪಿನ ಅಡುಗೆಮನೆಗಳಲ್ಲಿ ಒಣಗಿದ ಬ್ರೆಡ್ಡಿನ ಪುಡಿಯಿಂದಲೇ ಸಾರು ಗಟ್ಟಿ ಮಾಡುತ್ತಿದ್ದರು. ಆ ಹಳೇ ಪದ್ಧತಿಯಲ್ಲಿ ಇಂದಿಗೂ ಉಳಿದದ್ದರಲ್ಲಿ ಇದೂ ಒಂದು. 1861ರಲ್ಲಿ ಬಂದ ಮಿಸೆಸ್ ಬೀಟನ್ ಅವರ ಮನೆವಾರ್ತೆಯ ಪುಸ್ತಕದಲ್ಲೂ ಇದಕ್ಕೆ ಜಾಗವಿದೆ.

ಆ ತಾಯಿ ಒಂದು ಉಳ್ಳಾಗಡ್ಡಿ ಸುಲಿದು, ಎರಡು ಹೋಳು ಮಾಡಿ, ಅದರ ಬೆನ್ನಿಗೆ ಒಂದೊಂದೇ ಲವಂಗ ಚುಚ್ಚಿದರು. ಬೆರಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಲವಂಗದ ತಲೆ ಮುರಿಯದ ಹಾಗೆ, ಹೆಬ್ಬೆರಳಿನ ಉಗುರಿನ ಅಂಚಿನಿಂದ ಒತ್ತುತ್ತಿದ್ದರು. ನಮ್ಮಲ್ಲಿ ಕರ್ಚಿಕಾಯಿಯ ಅಂಚು ಒತ್ತುವ ಹಾಗೆ. ಹನ್ನೆರಡು ಲವಂಗ ಎಣಿಸಿದೆ. ಒಂದು ಪೈಂಟ್ ಹಾಲಿಗೆ ಆ ಉಳ್ಳಾಗಡ್ಡಿ, ಎಂಟು ಕಾಳು ಮೆಣಸು, ಒಂದು ಬೇ ಎಲೆ, ಒಂದು ಚೂರು ಜಾಪತ್ರಿ ಹಾಕಿ, ಕುದಿ ಬರುವ ಹೊತ್ತಿಗೆ ಇಳಿಸಿ, ಮುಚ್ಚಿಟ್ಟರು. ‘ಇನ್ನು ಒಂದು ತಾಸು ಅದರ ಹತ್ತಿರ ಹೋಗಬಾರದು’ ಎಂದರು. ಆ ತಾಸಿನಲ್ಲಿ ಎರಡು ದಿನದ ಹಿಂದೆ ತಂದು ಒಣಗಲು ಬಿಟ್ಟಿದ್ದ ಬ್ರೆಡ್ಡಿನ ಅಂಚು ಕತ್ತರಿಸಿ, ಒಳಗಿನದನ್ನು ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿದರು. ಹಾಲು ಸೋಸಿ, ಪುಡಿ ಹಾಕಿ, ಸಣ್ಣ ಉರಿಯ ಮೇಲೆ ಹದಿನೈದು ನಿಮಿಷ ತಿರುವಿದರು. ಮೊದಲು ಹಾಲಿನ ಮೇಲೆ ಪುಡಿ ತೇಲುತ್ತಿತ್ತು. ಆಮೇಲೆ ಒಂದೊಂದು ಕಣವೂ ಹಾಲು ಕುಡಿದು ಉಬ್ಬಿ, ನೋಡನೋಡುತ್ತ ಪಾತ್ರೆಯಲ್ಲಿ ಹಾಲು ಯಾವುದು ಬ್ರೆಡ್ಡು ಯಾವುದು ತಿಳಿಯದಂತಾಯಿತು. ಕೊನೆಗೆ ಬೆಣ್ಣೆ, ಉಪ್ಪು. ಹಸಿ ಬ್ರೆಡ್ ಹಾಕಿದರೆ ಅಂಟು ಅಂಟು ಮುದ್ದೆಯಾಗುತ್ತದೆ, ಒಣಗಿದ್ದೇ ಬೇಕು ಎಂದು ಎರಡು ಸಲ ಹೇಳಿದರು.

ಒಂದು ಚಮಚ ರುಚಿ ನೋಡಲು ಕೊಟ್ಟರು. ಬಾಯಲ್ಲಿ ಇಟ್ಟುಕೊಂಡು ನಾನು ಸುಮ್ಮನೆ ನಿಂತೆ. ರುಚಿ ನನ್ನದಲ್ಲ. ಲವಂಗ, ಜಾಪತ್ರಿ ನಮ್ಮ ಮನೆಯಲ್ಲಿ ಮಸಾಲಿ ಡಬ್ಬಿಯಲ್ಲಿ ಇರುವಂಥವು, ಹಾಲಿನ ಜೋಡಿ ಉಪ್ಪು ಹಾಕಿ ಉಣ್ಣುವಂಥವಲ್ಲ. ಆದರೆ ನಾಲಿಗೆಯ ಮೇಲಿನ ಆ ಮೆದು, ಹಲ್ಲಿಗೆ ಕೆಲಸವಿಲ್ಲದೆ ಗಂಟಲಿಗೆ ಇಳಿಯುವ ಆ ಬಗೆ ನನಗೆ ಗೊತ್ತಿತ್ತು. ನಮ್ಮ ಮುತ್ಯಾನ ತಾಟಿನದು ಅದು.

ನಾನು ಹುಟ್ಟಿದ್ದು ತಿಕೋಟಾದ ಆಚೆಯ ಒಂದು ಹಳ್ಳಿಯಲ್ಲಿ. ಅವ್ವನ ತವರು ಬಬಲೇಶ್ವರದ ಕಡೆ, ಡೋಣಿ ಸಾಲಿನ ಎರಿ ಭೂಮಿಯಲ್ಲಿ. ಈಗ ತಿಕೋಟಾ, ಬಬಲೇಶ್ವರ ಬೇರೆ ಬೇರೆ ತಾಲ್ಲೂಕುಗಳು. ಆಗ ಎರಡೂ ಬಿಜಾಪುರ ತಾಲ್ಲೂಕೇ. ನಮ್ಮದು ಮಡ್ಡಿ ನೆಲ, ಮಳೆ ಬಂದರೆ ಉಂಟು. ಡೋಣಿಯ ನೀರು ಸವಳು, ಕುಡಿಯಲು ಬರುವುದಿಲ್ಲ. ಆದರೆ ಅದರ ದಂಡೆಯ ಕರಿ ಮಣ್ಣಿನ ಬಿಳಿಜೋಳಕ್ಕೆ ಜಿಲ್ಲೆಯಲ್ಲಿ ಸಾಟಿಯಿರಲಿಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ನಮ್ಮ ಮಂದಿ ಹೇಳುವುದು ಸುಮ್ಮನೆ ಅಲ್ಲ. ಸುಗ್ಗಿ ಮುಗಿದ ಮೇಲೆ ಸೋದರಮಾವ ಚಕ್ಕಡಿಯಲ್ಲಿ ಎರಡು ಚೀಲ ಮಾಲದಂಡಿ ಜೋಳ ತಂದು ನಮ್ಮ ಪಡಸಾಲಿಯಲ್ಲಿ ಇಳಿಸುತ್ತಿದ್ದ. ಆ ಹಿಟ್ಟಿಗೆ ಎಸರು ಹಾಕಿ ನಾದಿದರೆ ಎಂಥ ಜಿಗಿ! ಅವ್ವ ಬಡಿದ ರೊಟ್ಟಿ ಹಂಚಿನಷ್ಟಗಲ ಆಗುತ್ತಿತ್ತು, ಅಂಚು ಸೀಳುತ್ತಿರಲಿಲ್ಲ.

1972ರಲ್ಲಿ ಡೋಣಿ ಸಾಲೂ ಕೈಕೊಟ್ಟಿತು. ನನಗೆ ಆಗ ಹದಿಮೂರು. ಮಳೆಯಿಲ್ಲದೆ ಬಿತ್ತಿದ್ದು ಏಳಲಿಲ್ಲ, ಮಾವನ ಚಕ್ಕಡಿ ಬರಲಿಲ್ಲ. ಅಪ್ಪ, ಅವ್ವ ಇಬ್ಬರೂ ಬರಗಾಲದ ಕಾಮಗಾರಿಗೆ ಹೋಗಿ ಖಡಿ ಒಡೆದರು. ರೇಷನ್ ಅಂಗಡಿಯಲ್ಲಿ ಹೊರದೇಶದಿಂದ ಬಂದ ಕೆಂಪು ಜೋಳ ಕೊಡುತ್ತಿದ್ದರು. ಅದಕ್ಕೆ ಜಿಗಿ ಎಂಬುದೇ ಇರಲಿಲ್ಲ. ಎಸರು ಎಷ್ಟು ಕುದಿಸಿ ಹಾಕಿದರೂ ರೊಟ್ಟಿ ಬಡಿಯುವಾಗಲೇ ಬಿರಿಯುತ್ತಿತ್ತು, ಹಂಚಿನ ಮೇಲೆ ಎತ್ತಿ ಹಾಕುವಷ್ಟರಲ್ಲಿ ಎರಡು ತುಂಡು. ಇಪ್ಪತ್ತು ವರ್ಷ ಒಂದು ರೊಟ್ಟಿಯೂ ಮುರಿಯದ ಕೈ ಅದು. ಮುರಿದ ರೊಟ್ಟಿಯನ್ನು ಮಂದಿಗೆ ಕಾಣದ ಹಾಗೆ ಅವ್ವ ಬುಟ್ಟಿಯ ತಳಕ್ಕೆ ಹಾಕುತ್ತಿದ್ದಳು.

ಆ ತುಂಡುಗಳು ಮರುದಿನಕ್ಕೆ ಕಲ್ಲಿನಂತೆ ಒಣಗುತ್ತಿದ್ದವು. ಮುತ್ಯಾನಿಗೆ ಹಲ್ಲಿರಲಿಲ್ಲ. ಬಿಸಿ ರೊಟ್ಟಿ, ಬಳ್ಳೊಳ್ಳಿ, ಖಾರ, ಉಪ್ಪು ಒಳ್ಳಿನಲ್ಲಿ ಕುಟ್ಟಿ ಮುಷ್ಟಿಯಲ್ಲಿ ಹಿಂಡಿ ಮಾಡುವ ಮುಟಗಿ ಆತನಿಗೆ ಜೀವ. ಅದಕ್ಕೆ ತುಪ್ಪವೋ ಕುಸುಬಿ ಎಣ್ಣೆಯೋ ಬೇಕು. ಆ ವರ್ಷ ಎರಡೂ ಇರಲಿಲ್ಲ. ಆಗ ಅವ್ವ ಮಾಡತೊಡಗಿದ್ದಕ್ಕೆ ಹೆಸರು ಇಲ್ಲ. ನೀರು ಮಜ್ಜಿಗೆಗೆ ಒಂದು ಚಿಟಿಕೆ ಜೋಳದ ಹಿಟ್ಟು ಕಲಸುವುದು, ಇಲ್ಲದಿದ್ದರೆ ಕಾಯಿಸಿದಾಗ ಮಜ್ಜಿಗೆ ಒಡೆಯುತ್ತದೆ. ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಒಂದು ಒಣಮೆಣಸಿನಕಾಯಿ ಒಗ್ಗರಣೆ. ಮಜ್ಜಿಗೆ ಹೊಗೆಯಾಡಿದ ಮೇಲೆ ಮುರಿದ ರೊಟ್ಟಿಯ ಚೂರು ಹಾಕಿ, ಮುಚ್ಚಿ, ಒಲೆಯ ಕೆಂಡದ ಮಗ್ಗುಲಿಗೆ ಸರಿಸುವುದು. ತಾಸಿನ ಮೇಲೆ ಮುಚ್ಚಳ ತೆಗೆದರೆ ಕೆಂಪು ಚೂರುಗಳು ಉಬ್ಬಿ ಮೆತ್ತಗಾಗಿರುತ್ತಿದ್ದವು. ಮುತ್ಯಾ ಎರಡು ಬೆರಳಿನಿಂದ ತೆಗೆದುಕೊಂಡು ಕಣ್ಣು ಮುಚ್ಚಿ ಉಣ್ಣುತ್ತಿದ್ದ. ಬರ ಹೋಯಿತು, ಬಿಳಿಜೋಳ ಬಂತು. ‘ಅದನ್ನ ಮಾಡವಾ’ ಎಂದು ಆತ ಕೇಳುವುದು ಮಾತ್ರ ನಿಲ್ಲಲಿಲ್ಲ. ‘ಅದು’ ಎಂಬುದೇ ಅದರ ಹೆಸರಾಯಿತು.

ಇದನ್ನೆಲ್ಲ ಆ ಅಡುಗೆಮನೆಯಲ್ಲಿ ಮಗಳು ನಡುವೆ ಕುಳಿತು ಇಂಗ್ಲಿಷಿನಲ್ಲಿ ಹೇಳಿದಳು. ಕೆಂಪು ಜೋಳ ಎಂದಾಗ ಆ ತಾಯಿ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ‘ನಮ್ಮದು ಬೂದು ಬಣ್ಣದ್ದು’ ಎಂದರು.

ಅವರು ಹೇಳಿದ್ದು ಇಷ್ಟು. ಯುದ್ಧದ ನಡುವೆ, 1942ರಲ್ಲಿ, ಸರಕಾರ ಬಿಳಿ ಬ್ರೆಡ್ ನಿಲ್ಲಿಸಿ ತವಡು ಹೆಚ್ಚು ಉಳಿಸಿದ ಹಿಟ್ಟಿನ ಒಂದೇ ಬಗೆಯ ಬ್ರೆಡ್ ತಂದಿತು. ನ್ಯಾಷನಲ್ ಲೋಫ್ ಎಂದು ಹೆಸರು. ಬಣ್ಣ ಬೂದು, ಒಳಗೆ ಹಸಿ ಹಸಿ. ಬಾಂಬು ಬೀಳುತ್ತಿದ್ದಾಗಲೂ ಬ್ರೆಡ್ಡಿಗೆ ರೇಷನ್ ಇರಲಿಲ್ಲ. ಯುದ್ಧ ಗೆದ್ದ ಮೇಲೆ, 1946ರ ಜುಲೈನಲ್ಲಿ, ಲೋಕದಲ್ಲೆಲ್ಲ ಗೋಧಿಯ ಅಭಾವ ಬಿದ್ದು ಬ್ರೆಡ್ಡಿಗೂ ರೇಷನ್ ಬಂತು. ಎರಡು ವರ್ಷ ನಡೆಯಿತು. ಅವರಿಗೆ ಆಗ ಒಂಬತ್ತು. ಆ ವರ್ಷದ ಕ್ರಿಸ್‌ಮಸ್ಸಿಗೆ ಅವರ ತಾಯಿ ಹಾಲಿನ ಪುಡಿಯಲ್ಲಿ, ಬೂದು ಬ್ರೆಡ್ಡಿನ ಚೂರು ಹಾಕಿ ಸಾಸ್ ಮಾಡಿದರಂತೆ. ಬಟ್ಟಲಿನಲ್ಲಿ ಅದು ಗೋಡೆಗೆ ಹಚ್ಚುವ ಗಾರೆಯಂತೆ ಕಂಡಿತ್ತಂತೆ. ‘ಅದನ್ನು ಮೇಜಿಗೆ ತರುವಾಗ ನನ್ನ ತಾಯಿ ಕಿಟಕಿಯ ಪರದೆ ಎಳೆದಳು’ ಎಂದರು.

ಬಡತನವನ್ನು ನಾನು ಹಲವು ಪುಸ್ತಕಗಳಲ್ಲಿ ಓದಿದ್ದೇನೆ, ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ್ದೇನೆ. ಬುಟ್ಟಿಯ ತಳಕ್ಕೆ ಹೋದ ರೊಟ್ಟಿ, ಎಳೆದ ಪರದೆ, ಇವೆರಡನ್ನು ಒಂದೇ ಸಂಜೆ ಒಂದೇ ಮೇಜಿನ ಮೇಲೆ ಕಂಡದ್ದು ಅದೇ ಮೊದಲು. ಆ ತಾಯಿ ನನ್ನ ಅವ್ವನ ಓರಗೆಯವರು.

26ರಂದು ನಮ್ಮಲ್ಲಿ ಎಳ್ಳಮಾಸಿ. ಅಂದೇ ಸೂರ್ಯಗ್ರಹಣ. ಲೀಡ್ಸ್‌ನಲ್ಲಿ ಬೆಳಗಿನ ಎಂಟಕ್ಕೆ ವಿಡಿಯೊ ಕರೆ ಮಾಡಿದರೆ, ಊರಲ್ಲಿ ಮಧ್ಯಾಹ್ನ ಒಂದೂವರೆ. ಗ್ರಹಣ ಬಿಟ್ಟ ಮೇಲೆ ಮಿಂದು, ಅಡುಗೆ ಮಾಡಿ, ಎಲ್ಲರೂ ಹೊಲಕ್ಕೆ ಚರಗ ಚೆಲ್ಲಲು ಬಂದಿದ್ದರು. ಕೃಷ್ಣೆಯ ನೀರು ಬಂದ ಮೇಲೆ ತಿಕೋಟಾದ ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು. ತಮ್ಮನೂ ದ್ರಾಕ್ಷಿ ಹಚ್ಚಿದ್ದಾನೆ. ಎರಡು ಎಕರೆ ಜೋಳಕ್ಕೆ ಉಳಿದಿರುವುದು ಅವ್ವನ ಹಟದಿಂದ. ಹೊಡೆ ಬಿಚ್ಚಿದ ಜೋಳದ ನಡುವೆ ಅವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹಿಡಿದು ಕುಳಿತಿದ್ದಳು. ನಾನು ಫೋನಿನ ಮುಂದೆ ಉಳಿದ ಸಾಸಿನ ಬಟ್ಟಲು ಹಿಡಿದೆ.

‘ಏನದು, ಅಂಬಲಿ?’

‘ಅಲ್ಲವಾ. ತಂಗಳ ಬ್ರೆಡ್ಡ ಹಾಲಾಗ ಕುದಿಸ್ಯಾರ.’

ಅವ್ವ ಫೋನನ್ನು ಕಣ್ಣಿಗೆ ಹತ್ತಿರ ತಂದಳು. ‘ಮಾಡಿದಾಕಿಗೆ ಹಲ್ಲ ಅದಾವೇನ?’ ಎಂದು ಕೇಳಿದಳು. ಹಲ್ಲು ಕಟ್ಟಿಸಿಕೊಂಡಿದ್ದಾರೆ ಎಂದೆ. ‘ಹಂಗಾರ ಆಕಿಗೂ ಬೇಕ’ ಎಂದು ಫೋನನ್ನು ತಮ್ಮನ ಕೈಗೆ ಕೊಟ್ಟಳು.

ಹೊರಡುವಾಗ ಆ ತಾಯಿ ತಮ್ಮ ಅಕ್ಷರದಲ್ಲಿ ಸಾಸಿನ ಅಳತೆ ಬರೆದುಕೊಟ್ಟರು. ಹಾಲು ಒಂದು ಪೈಂಟ್, ಬ್ರೆಡ್ ಪುಡಿ ನಾಲ್ಕು ಔನ್ಸ್. ಮಗಳು ಮಗ್ಗುಲಲ್ಲಿ 568 ಮಿ.ಲೀ., 113 ಗ್ರಾಂ ಎಂದು ಬರೆದಳು, ಜೊತೆಗೆ ಅಡುಗೆಮನೆಯ ಪುಟ್ಟ ತಕ್ಕಡಿಯೊಂದನ್ನು ಬ್ಯಾಗಿನಲ್ಲಿಟ್ಟಳು. ಜನವರಿ ಕೊನೆಗೆ ವಿಜಯಪುರಕ್ಕೆ ಬಂದೆ. ಮಾರ್ಚ್‌ನಲ್ಲಿ ಅವ್ವ ಕಣ್ಣಿನ ಪೊರೆ ತೆಗೆಸಲು ಆಶ್ರಮ ರಸ್ತೆಯ ನಮ್ಮ ಮನೆಗೆ ಬಂದಳು. ಒಂದು ಕಣ್ಣಿನ ಆಪರೇಷನ್ ಆಯಿತು. ಇನ್ನೊಂದು ಆಗುವ ಮೊದಲೇ, 25ರಿಂದ ಕೊರೊನಾದ ಕಾರಣ ದೇಶವೆಲ್ಲ ಬಾಗಿಲು ಹಾಕಿತು. ಅವ್ವ ನನ್ನಲ್ಲೇ ಉಳಿದಳು.

ಸಾಸ್ ಮಾಡಿ ಅವ್ವನಿಗೆ ಉಣ್ಣಿಸಬೇಕೆಂದು ನನಗೆ ಹಂಬಲ. ಮೊದಲ ಸಲ ಅಂಗಡಿಯ ಪಾಕೀಟಿನ ಬ್ರೆಡ್ ಹಾಕಿದೆ, ಕೆಟ್ಟಿತು. ನಮ್ಮ ಬ್ರೆಡ್ಡಿನಲ್ಲಿ ಸಕ್ಕರೆ ಹೆಚ್ಚು, ಉಪ್ಪು ಹಾಕಿದ ಹಾಲಿಗೆ ಅದು ಹೊಂದುವುದಿಲ್ಲ. ಆಮೇಲೆ ಬೇಕರಿಯ ಪಾವ್ ತರಿಸಿ, ಬಿಡಿಸಿ, ಎರಡು ದಿನ ಬುಟ್ಟಿಯಲ್ಲಿ ಅರಿವೆ ಮುಚ್ಚಿ ಒಣಗಿಸಿದೆ. ಅದು ಸರಿಹೋಯಿತು. ಎಮ್ಮೆಯ ಹಾಲಾದ್ದರಿಂದ ಬೆಣ್ಣೆ ಅರ್ಧಕ್ಕಿಳಿಸಿದೆ. ಬೇ ಎಲೆಯ ವಿಷಯ ಮಾತ್ರ ನೆನಪಿಡಬೇಕು. ನಮ್ಮ ಪಲಾವಿನ ಎಲೆ ದಾಲ್ಚಿನ್ನಿಯ ಜಾತಿಯದು, ಅದರಲ್ಲಿ ಉದ್ದಕ್ಕೆ ಮೂರು ನರ. ಅವರ ಬೇ ಎಲೆಗೆ ನಡುವೆ ಒಂದೇ ನರ, ವಾಸನೆಯೇ ಬೇರೆ. ಎಲೆ ಬಿಟ್ಟು, ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನಿಂದ ಹಿಂದೆ ತಂದಿಟ್ಟಿದ್ದ ಜಾಪತ್ರಿಯನ್ನೇ ಒಂದು ಎಳೆ ಹೆಚ್ಚು ಹಾಕಿದೆ.

ಅವ್ವ ಎರಡು ಚಮಚ ತಿಂದು, ‘ಛಲೋ ಐತಿ’ ಎಂದಳು. ಆಮೇಲೆ ನಾನು ತೆಗೆದಿಟ್ಟ ಉಳ್ಳಾಗಡ್ಡಿಯ ಕಡೆ ಕೈ ಮಾಡಿ, ‘ಅದನ್ನ ಯಾಕ ತಗದಿ?’ ಎಂದಳು. ಲವಂಗವನ್ನೆಲ್ಲ ಬೆರಳಿನಿಂದ ಕಿತ್ತು, ಹಾಲಿನಲ್ಲಿ ಬೆಂದ ಆ ಉಳ್ಳಾಗಡ್ಡಿಗೆ ಉಪ್ಪು, ಖಾರ ಸವರಿ, ಬಿಸಿ ರೊಟ್ಟಿಯ ಜೋಡಿ ಪೂರಾ ಉಂಡಳು. ಈಗ ನಾನೂ ಅದನ್ನು ಎಸೆಯುವುದಿಲ್ಲ.

ಮರುದಿನ ನಾನು ಕೇಳಿದೆ: ‘ಅವ್ವಾ, ಅದನ್ನ ಮಾಡ. ನಾ ತೂಗಿ ಬರಕೋತೀನಿ.’

ತಕ್ಕಡಿಯ ಮೇಲೆ ತಾಟು ಇಟ್ಟು, ರೊಟ್ಟಿಯ ಚೂರು ಅದಕ್ಕೆ ಹಾಕಲು ಹೇಳಿದೆ. ಒಂದು ಕಣ್ಣಿಗೆ ಕಪ್ಪು ಚಾಳೀಸು, ಇನ್ನೊಂದಕ್ಕೆ ಪೊರೆ. ಅವ್ವ ಬುಟ್ಟಿಗೆ ಕೈ ಹಾಕಿದಳು, ಹಿಡಿ ತುಂಬಿಕೊಂಡಳು, ತಾಟಿನ ಮೇಲೆ ತಂದು ನಿಲ್ಲಿಸಿದಳು. ಬಿಡಲಿಲ್ಲ. ಮತ್ತೆ ಬುಟ್ಟಿಗೆ ಹಾಕಿ ಮತ್ತೆ ತೆಗೆದಳು. ‘ನೀ ನೋಡಾಕತ್ತಿದ್ರ ಕೈಗೆ ತಿಳಿಯಂಗಿಲ್ಲ’ ಎಂದಳು. ಆಗ ನನಗೆ ಬೇರೆ ಉಪಾಯ ಹೊಳೆಯಿತು. ಬುಟ್ಟಿ, ಮಜ್ಜಿಗೆಯ ಪಾತ್ರೆ, ಹಿಟ್ಟಿನ ಡಬ್ಬಿ ಎಲ್ಲವನ್ನೂ ಅವ್ವ ಏಳುವ ಮೊದಲೇ ತೂಗಿಟ್ಟು, ಅಡುಗೆ ಆದ ಮೇಲೆ ಉಳಿದದ್ದನ್ನು ತೂಗಿದೆ. ನಾಲ್ಕು ದಿನ ಹೀಗೆ ಮಾಡಿದೆ. ರೊಟ್ಟಿ 118 ಗ್ರಾಂ, 121, 117, 120. ಮಜ್ಜಿಗೆ ಸುಮಾರು 560 ಮಿ.ಲೀ.

ಲೀಡ್ಸ್‌ನ ಚೀಟಿಯನ್ನು ಮಗ್ಗುಲಲ್ಲಿಟ್ಟು ನೋಡಿದೆ. ಒಣ ರೊಟ್ಟಿ ಒಂದು ಪಾಲು, ಹಸಿ ಐದು ಪಾಲು, ಎರಡೂ ಕಡೆ. ಕಾರಣವೂ ಅರ್ಥವಾಗುವಂಥದ್ದೇ. ಒಮ್ಮೆ ಬೆಂದು ಒಣಗಿದ ಪಿಷ್ಟ ಎಷ್ಟು ಹಸಿ ಹೀರಿ ಮೆತ್ತಗಾಗಬೇಕು ಎನ್ನುವುದನ್ನು ಅವ್ವನೂ ಆ ತಾಯಿಯೂ ತಮ್ಮ ತಮ್ಮ ಒಲೆಯ ಮುಂದೆ ನಿಂತು ಕಂಡುಕೊಂಡಿದ್ದಾರೆ. ವ್ಯತ್ಯಾಸ ಇರುವುದು ಕಾಳಿನಲ್ಲಿ. ಗೋಧಿಯ ಬ್ರೆಡ್ ಹಾಲಿನಲ್ಲಿ ಕರಗಿ ಒಂದಾಗುತ್ತದೆ. ಜೋಳದಲ್ಲಿ ಗೋಧಿಯ ಅಂಟು ಇಲ್ಲ, ಎಸರಿನ ಬಿಸಿಯೇ ಅದನ್ನು ಹಿಡಿದಿಟ್ಟಿರುತ್ತದೆ. ನೆನೆದಾಗ ಅದು ಕಣ ಕಣವಾಗಿ ಬಿಡಿಸಿಕೊಂಡು ತಳಕ್ಕೆ ಕೂಡುತ್ತದೆ. ಮಜ್ಜಿಗೆಗೆ ಅವ್ವ ಹಾಕುವ ಆ ಚಿಟಿಕೆ ಹಿಟ್ಟು ಎರಡು ಕೆಲಸ ಮಾಡುತ್ತದೆ ಎಂದು ನನಗೆ ತಿಳಿದದ್ದು ಆ ನಾಲ್ಕು ದಿನದಲ್ಲಿ. ಮಜ್ಜಿಗೆ ಒಡೆಯದಂತೆ ಕಾಯುತ್ತದೆ, ಕಣಗಳು ತಳಕ್ಕಿಳಿಯದಂತೆ ಎತ್ತಿಯೂ ಹಿಡಿಯುತ್ತದೆ.

ಆ ದಿನಗಳಲ್ಲಿ ಇಂಗ್ಲೆಂಡಿನ ಅಂಗಡಿಗಳಲ್ಲಿ ಹಿಟ್ಟು, ಬ್ರೆಡ್ ಇಟ್ಟ ಕಪಾಟುಗಳೆಲ್ಲ ಖಾಲಿ ಎಂದು ಮಗಳು ಫೋನಿನಲ್ಲಿ ಹೇಳಿದಳು. ಅವ್ವ ಕೇಳಿದ್ದು ಒಂದೇ ಮಾತು: ‘ಆ ಮುದುಕಿಗೆ ಬ್ರೆಡ್ಡ ಸಿಗತೈತೇನ?’ ಮಗಳು ಸಿಕ್ಕಾಗಲೆಲ್ಲ ಒಂದು ಬ್ರೆಡ್ ಅವರ ಬಾಗಿಲಲ್ಲಿಟ್ಟು, ಗಂಟೆ ಬಾರಿಸಿ, ದೂರ ಸರಿದು ನಿಲ್ಲುತ್ತಿದ್ದಳು. ಅವ್ವನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಕಟಕ ರೊಟ್ಟಿ ಬಡಿಯತೊಡಗಿದಳು. ತೆಳ್ಳಗೆ ಬಡಿದು, ಸುಟ್ಟು, ಒಲೆಯ ಮಗ್ಗುಲಿಗೆ ನಿಲ್ಲಿಸಿ ಒಣಗಿಸಿದರೆ ತಿಂಗಳುಗಟ್ಟಲೆ ಇರುತ್ತದೆ. ‘ಹಾದಿ ಬಿಟ್ಟ ಕೂಡ್ಲೆ ಕಳಸ’ ಎಂದಳು.

ಪಾರ್ಸಲ್ ಹೋದದ್ದು ಅಕ್ಟೋಬರ್‌ನಲ್ಲಿ. ಇಪ್ಪತ್ತು ರೊಟ್ಟಿ ಅರಿವೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಸಂದಿಗೆ ಕಾಗದ ತುಂಬಿದ್ದೆ. ಆದರೂ ಲೀಡ್ಸ್ ಮುಟ್ಟುವಷ್ಟರಲ್ಲಿ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಆ ತಾಯಿ ಬೇಸರಪಡಲಿಲ್ಲವಂತೆ. ಅದು ಹಾಗೆಯೇ ಬರಬೇಕಾದ ವಸ್ತು ಎಂದುಕೊಂಡು, ಲವಂಗ ಚುಚ್ಚಿದ ಉಳ್ಳಾಗಡ್ಡಿಯ ಹಾಲಿಗೆ ನಾಲ್ಕು ಔನ್ಸ್ ತೂಗಿ ಹಾಕಿ, ಹದಿನೈದು ನಿಮಿಷ ತಿರುವಿದರಂತೆ. ಮಗಳು ಫೋಟೊ ಕಳಿಸಿದಳು. ಸಾಸಿನ ಅದೇ ನೀಲಿ ಅಂಚಿನ ಬಟ್ಟಲು. ಮೇಲೆ ತೆಳ್ಳನೆಯ ಹಾಲು, ತಳದಲ್ಲಿ ಬಿಳಿಜೋಳದ ಕಣ.

ಅಷ್ಟರಲ್ಲಿ ಅವ್ವನ ಇನ್ನೊಂದು ಕಣ್ಣಿನ ಆಪರೇಷನ್ನೂ ಆಗಿತ್ತು. ಎರಡೂ ಕಣ್ಣಿಂದ ಆ ಫೋಟೊವನ್ನು ಬಹಳ ಹೊತ್ತು ನೋಡಿದಳು.

‘ಚಿಟಿಕಿ ಹಿಟ್ಟ ಹಾಕ ಅನ್ನ ಆಕಿಗೆ’ ಎಂದಳು.